ಉತ್ಸವಕ್ಕೆ ಕರೆ ಬಂದಿದೆ, ಕೈಯಲ್ಲಿ ದುಡ್ಡಿಲ್ಲ. ಅನುದಾನದ ಅರ್ಜಿ ಬರೆಯೋದು ಹೇಗೆ?

ಹಿತ್ತಲ_ರಂಗ:
ಎಲ್ಲರಿಗೂ ನಮಸ್ಕಾರ. ನಮ್ಮದು ಮಲೆನಾಡಿನ ಕಡೆಯ ಒಂದು ಹವ್ಯಾಸಿ ನಾಟಕ ತಂಡ. ಸಂಘ ನೋಂದಣಿಯಾಗಿ ಆರು ವರ್ಷ ಆಯ್ತು. ಹಗಲು ಎಲ್ಲರಿಗೂ ಬೇರೆ ಬೇರೆ ಕೆಲಸ. ಒಬ್ಬರು ಅಡಿಕೆ ಮಂಡಿಯಲ್ಲಿ ಗುಮಾಸ್ತರು, ಇಬ್ಬರು ಮೇಷ್ಟ್ರು, ಒಬ್ಬ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಸಂಜೆ ಆರೂವರೆ ಮೇಲೆ ತಾಲೀಮು. ಹೋದ ವರ್ಷ ಮಾಡಿದ ನಾಟಕಕ್ಕೆ ಈಗ ಉತ್ತರ ಭಾರತದ ಒಂದು ರಂಗೋತ್ಸವದಿಂದ ಕರೆ ಬಂದಿದೆ. ಫೆಬ್ರವರಿ ಮೊದಲ ವಾರ ಶೋ. ಊಟ, ವಸತಿ ಅವರದ್ದು. ಪ್ರಯಾಣ, ಸಂಭಾವನೆ ಎಲ್ಲ ಸೇರಿ ಒಂದು ಲಕ್ಷ ಕೊಡುತ್ತಾರಂತೆ. ನಾವು ಹದಿನಾಲ್ಕು ಜನ.

ಹಳೇ ಸೆಟ್ಟನ್ನು ಮಳೆಗಾಲದಲ್ಲಿ ಶೆಡ್‌ನಲ್ಲಿ ಇಟ್ಟಿದ್ದೆವು, ಗೆದ್ದಲು ತಿಂದಿದೆ. ಇಬ್ಬರು ನಟರು ಬದಲಾಗಿದ್ದಾರೆ, ಹಾಗಾಗಿ ಮತ್ತೆ ಒಂದೂವರೆ ತಿಂಗಳು ತಾಲೀಮು ಬೇಕು. ನಾನು ಹಾಕಿದ ಲೆಕ್ಕ ಇದು: ರಂಗಸಜ್ಜಿಕೆ 80,000, ವಸ್ತ್ರ 40,000, ಬೆಳಕು 30,000, ಪ್ರಯಾಣ (ಥರ್ಡ್ ಏಸಿ) 70,000, ಇತರೆ 1,00,000. ಒಟ್ಟು 3,20,000.

ಈಗ ನವೆಂಬರ್. ಯಾವ ಅನುದಾನಕ್ಕೆ ಅರ್ಜಿ ಹಾಕಬೇಕು? ಹಿಂದೆ ಹಾಕಿದವರು ದಯವಿಟ್ಟು ಹೇಳಿ. ನಮಗೆ ಗಣಪತಿ ಪೆಂಡಾಲಿನ ಚಂದಾ ಎತ್ತಿ ಮಾತ್ರ ಗೊತ್ತು.

ಮೂರನೇ_ಬೆಲ್:
ವಶೀಲಿ ಇದೆಯಾ? ಇಲ್ಲದಿದ್ದರೆ ಚಂದಾ ಪುಸ್ತಕವನ್ನೇ ಮತ್ತೆ ಪ್ರಿಂಟ್ ಮಾಡಿಸಿ.

ಸೈಕ್_ಹಿಂದೆ:
ಮೂರನೇ ಬೆಲ್ ಹೊಡೆದವರು ಸ್ವಲ್ಪ ಹೊತ್ತು ಸುಮ್ನೆ ಕೂತ್ಕೊಳ್ಳಿ ಸಾರ್.

ಹಿತ್ತಲ_ರಂಗ ಅವರೇ, ಮೊದಲು ಅಭಿನಂದನೆ. ಕರೆ ಬರುವುದೇ ದೊಡ್ಡ ಮಾತು. ಹದಿನೆಂಟು ವರ್ಷದಿಂದ ತಂಡಗಳ ಮ್ಯಾನೇಜರ್‌ಗಿರಿ ಮಾಡುತ್ತಿದ್ದೇನೆ, ಅಂದರೆ ಸೈಕ್ (ರಂಗದ ಹಿಂಬದಿಯ ದೊಡ್ಡ ಪರದೆ) ಹಿಂದೆ ನಿಂತು ಬಿಲ್ ಎಣಿಸುವ ಕೆಲಸ. ಅದಕ್ಕೇ ಕಹಿ ಮಾತನ್ನು ಮೊದಲು ಹೇಳಿಬಿಡುತ್ತೇನೆ. ಈ ಫೆಬ್ರವರಿ ಶೋಗೆ ನೀವು ಈಗ ಹಾಕುವ ಸರ್ಕಾರಿ ಅನುದಾನದ ಹಣ ಬರುವುದಿಲ್ಲ. ಅರ್ಜಿ ಒಳಗೆ ಹೋಗಬೇಕು, ತಜ್ಞರ ಸಮಿತಿ ಕೂರಬೇಕು, ಮಂಜೂರಾತಿ ಪತ್ರ ಬರಬೇಕು, ನೀವು ಬಾಂಡ್ ಅದು ಇದು ಕಳಿಸಬೇಕು, ಆಮೇಲೆ ಹಣ. ನಮಗೆ ಒಂದು ಸಲ ಅರ್ಜಿ ಹಾಕಿದ ಮೇಲೆ ಮಂಜೂರಾತಿ ಬರುವಷ್ಟರಲ್ಲಿ ನಾಯಕಿಗೆ ಮದುವೆಯಾಗಿ ಮಗುವೂ ಆಗಿತ್ತು. ತಮಾಷೆ ಅಲ್ಲ.

ಆದರೂ ಅರ್ಜಿ ಹಾಕಿ. ಈ ಶೋಗಲ್ಲ, ಇದೇ ನಾಟಕದ ಮುಂದಿನ ತಿರುಗಾಟಕ್ಕೋ ಮುಂದಿನ ನಾಟಕಕ್ಕೋ.

ನಾಟಕ ತಂಡಗಳಿಗೆ ಕೆಲಸಕ್ಕೆ ಬರುವವು ಮುಖ್ಯವಾಗಿ ಇವು. ಕೇಂದ್ರ ಸಂಸ್ಕೃತಿ ಸಚಿವಾಲಯದ ಕಲಾ ಸಂಸ್ಕೃತಿ ವಿಕಾಸ ಯೋಜನೆ ಅಂತ ಒಂದು ದೊಡ್ಡ ಕೊಡೆ ಇದೆ. ಅದರ ಕೆಳಗೆ ರೆಪರ್ಟರಿ ಗ್ರಾಂಟ್, ಪ್ರೊಡಕ್ಷನ್ ಗ್ರಾಂಟ್ ಎರಡೂ ಬರುತ್ತವೆ. ರೆಪರ್ಟರಿ ಅಂದರೆ ಗುರು ಮತ್ತು ಶಿಷ್ಯರಿಗೆ ತಿಂಗಳ ಗೌರವಧನ. ವರ್ಷವಿಡೀ ಕೆಲಸ ಮಾಡುವ ತಂಡಕ್ಕೆ ಅದು, ನಿಮ್ಮಂಥ ಸಂಜೆ ತಂಡಕ್ಕೆ ಕಷ್ಟ. ಪ್ರೊಡಕ್ಷನ್ ಗ್ರಾಂಟ್ ಅಂದರೆ ಒಂದು ಪ್ರಯೋಗದ ಖರ್ಚಿಗೆ ಕೊಡುವ ಹಣ, ಅದು ನಿಮಗೆ ಸರಿ. ಸಾಮಾನ್ಯವಾಗಿ 5 ಲಕ್ಷದವರೆಗೆ ಕೇಳಬಹುದು. ಪೂರ್ತಿ ಖರ್ಚು ಅವರು ಕೊಡುವುದಿಲ್ಲ, ಮುಕ್ಕಾಲು ಭಾಗ ಅವರದ್ದು, ಕಾಲು ಭಾಗ ನಿಮ್ಮದು. ಸಂಘ ನೋಂದಣಿಯಾಗಿ ಕನಿಷ್ಠ 3 ವರ್ಷ ಆಗಿರಬೇಕು, ನಿಮಗೆ ಆರಾಗಿದೆ, ಆ ಕಡೆ ಚಿಂತೆ ಇಲ್ಲ.

ರಾಜ್ಯದಲ್ಲಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಇದೆ, ಸಂಘ ಸಂಸ್ಥೆಗಳ ಧನಸಹಾಯಕ್ಕೆ ಸೇವಾ ಸಿಂಧು ಮೂಲಕ ಅರ್ಜಿ. ಇನ್ನೊಂದು ಜಾಸ್ತಿ ಜನಕ್ಕೆ ನೆನಪಾಗುವುದಿಲ್ಲ: ವಲಯ ಸಾಂಸ್ಕೃತಿಕ ಕೇಂದ್ರಗಳು. ಕರ್ನಾಟಕ ತಂಜಾವೂರಿನ ದಕ್ಷಿಣ ವಲಯಕ್ಕೂ ಸೇರಿದೆ, ನಾಗಪುರದ ದಕ್ಷಿಣ ಮಧ್ಯ ವಲಯಕ್ಕೂ ಸೇರಿದೆ. ಎರಡೂ ಕಡೆ ಒಂದೊಂದು ಪತ್ರ, ನಾಟಕದ ವಿಡಿಯೋ ಕಳಿಸಿಡಿ. ಅವರದೇ ಉತ್ಸವಕ್ಕೆ ತಂಡ ಹುಡುಕುವಾಗ ನಿಮ್ಮ ಹೆಸರು ಅಲ್ಲಿರಲಿ.

ಕೊನೆಗೆ ಒಂದು ಪ್ರಶ್ನೆ. ಆ "ಇತರೆ ಒಂದು ಲಕ್ಷ" ಏನದು?

ಹಿತ್ತಲ_ರಂಗ:
ಅದು… ಇತರೆ ಸಾರ್. ಚಹಾ, ಟೆಂಪೋ, ಅದು ಇದು.

ಲೆಕ್ಕದವಳು:
ಅಯ್ಯೋ ಬೇಡ! "ಇತರೆ" ಎದುರು ಒಂದು ಲಕ್ಷ ಕಂಡರೆ ಅರ್ಜಿ ಓದುವವರು ಅಲ್ಲೇ ನಿಲ್ಲಿಸುತ್ತಾರೆ.

ನಾನು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುವವಳು, ಸಂಜೆ ಒಂದು ತಂಡಕ್ಕೆ ಪ್ರಸಾಧನ ಮಾಡುತ್ತೇನೆ. ಮೂರು ನಾಟಕ ತಂಡಗಳ ಲೆಕ್ಕ ನನ್ನ ಮೇಜಿನ ಮೇಲೇ ಬರುತ್ತದೆ. ಕೂತು ಬಿಡಿಸಿ ಬರೆಯಿರಿ. ಎಷ್ಟು ದಿನ ತಾಲೀಮು, ಎಷ್ಟು ಜನ, ಒಬ್ಬರಿಗೆ ಚಹಾ ತಿಂಡಿ ಎಷ್ಟು, ಗುಣಿಸಿ. ಹಾಲ್ ಬಾಡಿಗೆ ದಿನಕ್ಕೆ ಎಷ್ಟು, ಗುಣಿಸಿ. ಟೆಂಪೋದವನನ್ನು ಕೇಳಿ ಒಂದು ಕೊಟೇಶನ್ ಬರೆಸಿಕೊಳ್ಳಿ, ಬಿಳಿ ಹಾಳೆ ಮೇಲೆ ಬೇಡ, ಅವನ ಲೆಟರ್‌ಹೆಡ್ ಮೇಲೆ.

ಕಾಗದಗಳ ಕಡೆ ನೋಡಿಕೊಳ್ಳಿ: ನೋಂದಣಿ ಪತ್ರ, ಬೈಲಾ, ಸಂಘದ ಪ್ಯಾನ್, ಮೂರು ವರ್ಷದ ಆಡಿಟ್ ವರದಿ, ಎನ್‌ಜಿಓ ದರ್ಪಣ್ (ಸಂಘ ಸಂಸ್ಥೆಗಳು ಹೆಸರು ದಾಖಲಿಸುವ ಕೇಂದ್ರ ಸರ್ಕಾರದ ಜಾಲತಾಣ) ನಂಬರ್, ಅರ್ಜಿ ಹಾಕಲು ಕಾರ್ಯಕಾರಿ ಸಮಿತಿಯ ಠರಾವು. ಬ್ಯಾಂಕ್ ಖಾತೆ ಸಂಘದ ಹೆಸರಲ್ಲೇ ಇರಬೇಕು. ನಿರ್ದೇಶಕರ ಸ್ವಂತ ಖಾತೆಗೆ ಗೂಗಲ್ ಪೇ ಮಾಡಿಸಿಕೊಂಡು "ಎಲ್ಲ ಒಂದೇ ಅಲ್ವಾ ಮೇಡಂ" ಅನ್ನುವವರು ನನ್ನ ಬಿಪಿ ಏರಿಸಿದ್ದಾರೆ. ಮತ್ತೆ, ಸಂಘದ ವಾರ್ಷಿಕ ಲೆಕ್ಕ, ಪದಾಧಿಕಾರಿಗಳ ಪಟ್ಟಿ ಎರಡನ್ನೂ ಪ್ರತಿ ವರ್ಷ ಜಿಲ್ಲಾ ನೋಂದಣಾಧಿಕಾರಿಗೆ ಸಲ್ಲಿಸಿದ್ದೀರಾ? ಹೆಚ್ಚಿನ ತಂಡಗಳು ಸಿಕ್ಕಿಬೀಳುವುದೇ ಇಲ್ಲಿ. ನೋಂದಣಿ ಆದ ವರ್ಷ ಉತ್ಸಾಹದಲ್ಲಿ ಎಲ್ಲ ಮಾಡಿರುತ್ತಾರೆ, ಆಮೇಲೆ ಮರೆತೇ ಹೋಗಿರುತ್ತದೆ.

ಹಿತ್ತಲ_ರಂಗ:
ಎರಡು ವರ್ಷದ್ದು ಸಲ್ಲಿಸಿಲ್ಲ 🙈 ಕಾರ್ಯದರ್ಶಿಗೆ ಈಗಲೇ ಫೋನ್ ಮಾಡಿದೆ. ಅವರು ಮದುವೆ ಮನೆಯಲ್ಲಿದ್ದಾರಂತೆ.

ಒಂಟಿ_ನಟಿ:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನಗೆ ಸಂಘವೂ ಇಲ್ಲ, ಬೈಲಾನೂ ಇಲ್ಲ. ಒಬ್ಬಳೇ ಮಾಡುವ ಐವತ್ತು ನಿಮಿಷದ ಪ್ರಯೋಗ. ನನ್ನಂಥವರಿಗೆ ಏನಾದರೂ ಇದೆಯಾ? ಇನ್ನೊಂದು, ನಾನು ಮಾಡುತ್ತಿರುವುದು ಒಂದು ಹಳೇ ಸಣ್ಣಕತೆಯ ರೂಪಾಂತರ. ಕತೆಗಾರರು ತೀರಿಕೊಂಡು ಮೂವತ್ತು ವರ್ಷದ ಮೇಲಾಯ್ತು. ಅನುಮತಿ ಬೇಕಾ?

ಸೈಕ್_ಹಿಂದೆ:
ಬೇಕೇ ಬೇಕು ಅಮ್ಮ. ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ವಾರಸುದಾರರದ್ದು. ಕೈಲಾಸಂ ತೀರಿಕೊಂಡದ್ದು 1946ರಲ್ಲಿ, ಅವರ ನಾಟಕವನ್ನು ಯಾರನ್ನೂ ಕೇಳದೆ ಆಡಬಹುದು. ಮಾಸ್ತಿಯವರು ತೀರಿಕೊಂಡದ್ದು 1986ರಲ್ಲಿ, ಅವರ ಕತೆಗೆ 2046ರ ಕೊನೆಯವರೆಗೆ ಕೇಳಲೇಬೇಕು. ಮನೆಯವರನ್ನು ಹುಡುಕಿ, ಹೋಗಿ ಮಾತಾಡಿ, ಪತ್ರ ತೆಗೆದುಕೊಳ್ಳಿ. ಎಷ್ಟೋ ಮನೆಯವರು ಖುಷಿಯಿಂದಲೇ ಕೊಡುತ್ತಾರೆ. ಅರ್ಜಿ ಜೊತೆ ಆ ಪತ್ರ ಇದ್ದರೆ ಇವರು ಗಂಭೀರವಾಗಿದ್ದಾರೆ ಅಂತ ಗೊತ್ತಾಗುತ್ತದೆ.

ಒಬ್ಬರಿಗೆ ಅಂದರೆ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ನೋಡಿ. 1995ರಿಂದ ಅನುದಾನ ಕೊಡುತ್ತಿದ್ದಾರೆ, ಕಲಾವಿದರು ವೈಯಕ್ತಿಕವಾಗಿಯೇ ಅರ್ಜಿ ಹಾಕಬಹುದು. ಪ್ರಸ್ತಾವನೆಯನ್ನು ಕನ್ನಡದಲ್ಲೇ ಬರೆಯಬಹುದು. ಆದರೆ "ನನ್ನ ಶೋಗೆ ದುಡ್ಡು ಕೊಡಿ" ಅಂದರೆ ಆಗಲ್ಲ. ನೀವು ಏನನ್ನು ಹುಡುಕುತ್ತಿದ್ದೀರಿ, ಹೊಸದಾಗಿ ಏನು ಪ್ರಯತ್ನಿಸುತ್ತಿದ್ದೀರಿ ಅಂತ ಕೇಳುತ್ತಾರೆ.

ಒಂಟಿ_ನಟಿ:
ಕನ್ನಡದಲ್ಲೇ ಬರೆಯಬಹುದು ಅನ್ನುವುದೇ ಅರ್ಧ ಜೀವ ಬಂದ ಹಾಗೆ. ಹೋದ ಸಲ ಬೇರೊಂದು ಕಡೆ ಇಂಗ್ಲಿಷ್ ಅರ್ಜಿಗೆ ಫೋನಿನಲ್ಲೇ ಅನುವಾದ ಮಾಡಿ ಕಳಿಸಿದ್ದೆ. ಕಳಿಸಿದ ಮೇಲೆ ಓದಿದರೆ ನಮ್ಮ ಜಾನಪದ ನಾಟಕ ಸಣ್ಣಾಟ ಹೋಗಿ "ಸ್ಮಾಲ್ ಗೇಮ್" ಆಗಿತ್ತು, ಬಯಲಾಟ "ಫೀಲ್ಡ್ ಗೇಮ್". ನಾನು ಏನೋ ಕಬಡ್ಡಿ ತಂಡ ಕಟ್ಟಿದ್ದೇನೆ ಅಂದುಕೊಂಡಿರಬೇಕು.

ಮೂರನೇ_ಬೆಲ್:
😂 ಕಬಡ್ಡಿಗೆ ಕೇಳಿದ್ದರೆ ಬೇಗ ಸಿಗುತ್ತಿತ್ತು.

ಓದಿ_ಸುಸ್ತಾದವ:
ಒಂದು ಖಾಸಗಿ ಟ್ರಸ್ಟಿನ ಆಯ್ಕೆ ಸಮಿತಿಯಲ್ಲಿ ಎರಡು ವರ್ಷ ಕೂತಿದ್ದೆ. ವಶೀಲಿ ಮಾತು ಬಂದದ್ದಕ್ಕೆ ಹೇಳುತ್ತೇನೆ. ಇಲ್ಲವೇ ಇಲ್ಲ ಅಂತ ಆಣೆ ಮಾಡಲಾರೆ. ಆದರೆ ನನ್ನ ಮುಂದೆ ಬಂದ ಅರ್ಜಿಗಳಲ್ಲಿ ಹೆಚ್ಚಿನವು ಬಿದ್ದುಹೋದದ್ದು ವಶೀಲಿಯಿಂದಲ್ಲ. ನಾಟಕ ಏನು ಅಂತ ಅರ್ಜಿಯಲ್ಲಿ ಇರಲೇ ಇಲ್ಲ, ಅದಕ್ಕೆ.

ಶುರುವೇ ಹೀಗೆ: "ರಂಗಭೂಮಿ ಸಮಾಜದ ಕನ್ನಡಿ." ನಾಲ್ಕನೇ ಅರ್ಜಿಗೂ ಅದೇ ಕನ್ನಡಿ. ಆಮೇಲೆ ತಂಡದ ಇತಿಹಾಸ ಎರಡು ಪುಟ, ಉದ್ಘಾಟನೆಗೆ ಬಂದ ಗಣ್ಯರ ಹೆಸರು, ಶಾಲು ಹೊದಿಸುವ ಫೋಟೋ. ನಾಟಕದ ಬಗ್ಗೆ ಮೂರೇ ಸಾಲು, ಅದರಲ್ಲೂ ಒಂದು ಸಾಲು "ಮಾನವೀಯ ಮೌಲ್ಯಗಳನ್ನು ಎತ್ತಿಹಿಡಿಯುತ್ತದೆ". ಓದುವವನು ಏನು ಮಾಡಬೇಕು ಹೇಳಿ.

ಒಂದು ಅರ್ಜಿ ಮಾತ್ರ ಇವತ್ತಿಗೂ ನೆನಪಿದೆ. ಸಣ್ಣ ಊರಿನ ತಂಡ, ಕಾಗುಣಿತ ತಪ್ಪುಗಳು ಬೇಕಾದಷ್ಟು. ಬಜೆಟ್ ಹಾಳೆಯಲ್ಲಿ ಒಂದು ಸಾಲು: "ತೆಂಗಿನ ನಾರಿನ ಹಗ್ಗ, 300 ಅಡಿ." ಪಕ್ಕದಲ್ಲಿ ಕಾರಣ: "ಎರಡನೇ ಅಂಕದಲ್ಲಿ ಅಜ್ಜಿ ಬಾವಿಗೆ ಬಿಂದಿಗೆ ಇಳಿಸುತ್ತಾಳೆ. ಹಗ್ಗ ಇಳಿಯುತ್ತಲೇ ಇರಬೇಕು, ಬಿಂದಿಗೆ ನೀರು ಮುಟ್ಟಬಾರದು." ಅಷ್ಟೇ. ಓದುತ್ತಿದ್ದ ಹಾಗೇ ನಾಟಕ ಕಣ್ಣೆದುರು ಬಂತು. ಮೇಜಿನ ಸುತ್ತ ಕೂತ ಐದೂ ಜನ ಆ ಹಗ್ಗದ ಬಗ್ಗೆ ಮಾತಾಡಿದೆವು. ಅವರಿಗೆ ಕೊಟ್ಟೆವು.

ವಿಡಿಯೋ ಬಗ್ಗೆ ಒಂದು ಮಾತು. ಎಡಿಟ್ ಮಾಡಿ, ಹಿನ್ನೆಲೆಗೆ ವಯಲಿನ್ ಹಾಕಿ, ಮೂರು ನಿಮಿಷದ ಟ್ರೇಲರ್ ಕಳಿಸಬೇಡಿ. ಹಾಲಿನ ಮಧ್ಯದಿಂದ ಪೂರ್ತಿ ರಂಗ ಕಾಣುವಂತೆ, ಸ್ಟ್ಯಾಂಡ್ ಮೇಲಿಟ್ಟು, ಪೂರ್ತಿ ನಾಟಕ. ಫೋನಿನಲ್ಲೇ ಆದರೂ ಆಗುತ್ತದೆ. ಮಾತು ಕೇಳಿಸಬೇಕು, ಮುಂದಿನ ಸಾಲಿನ ಮಗು ಅಳುವುದು ಕೇಳಿಸಬಾರದು.

ಹಿತ್ತಲ_ರಂಗ ಅವರೇ, ನಿಮ್ಮ ನಾಟಕ ಯಾವುದರ ಬಗ್ಗೆ? ನೀವು ಇನ್ನೂ ಹೇಳಿಲ್ಲ ನೋಡಿ.

ಹಿತ್ತಲ_ರಂಗ:
ಹೌದಲ್ಲ! ಮುಳುಗಡೆ ಸಂತ್ರಸ್ತರ ನೋವನ್ನು ಬಿಂಬಿಸುವ ನಾಟಕ ಸಾರ್.

ಓದಿ_ಸುಸ್ತಾದವ:
ನೋಡಿದಿರಾ, ಮತ್ತೆ ಕನ್ನಡಿ. ರಂಗದ ಮೇಲೆ ಏನಾಗುತ್ತದೆ ಹೇಳಿ.

ಹಿತ್ತಲ_ರಂಗ:
ಸರಿ. ಪ್ರಯತ್ನ ಮಾಡುತ್ತೇನೆ.

ಲಿಂಗನಮಕ್ಕಿ ಅಣೆಕಟ್ಟಿನ ಕಾಲ, 1964ರ ಆಸುಪಾಸು. ಒಂದೇ ರಾತ್ರಿ. ಶರಾವತಿ ನೀರು ಅಡಿಕೆ ತೋಟ ದಾಟಿ ಅಂಗಳದ ಹತ್ತಿರ ಬಂದಿದೆ. ಬೆಳಗ್ಗೆ ಲಾರಿ ಬರುತ್ತದೆ. ಅಷ್ಟರಲ್ಲಿ ಮನೆ ಬಿಚ್ಚಬೇಕು. ಮನೆಯವರು ಸಾಲಾಗಿ ನಿಂತು ಮಾಡಿನ ಹೆಂಚನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ನಾಟಕದುದ್ದಕ್ಕೂ ಅದೇ ಕೆಲಸ. ಮಾತು, ಜಗಳ, ಪಾಲಿನ ಲೆಕ್ಕ, ಹಳೇ ಪ್ರೀತಿ ಎಲ್ಲ ಹೆಂಚು ದಾಟಿಸುತ್ತಲೇ. ಅಜ್ಜ ಮಾತ್ರ ಎಣಿಸುತ್ತಾ ಇರುತ್ತಾನೆ. ನೂರಾ ಇಪ್ಪತ್ತಕ್ಕೆ ಮಾಡು ಖಾಲಿ, ಮೇಲಿನಿಂದ ಮೊದಲ ಸಲ ಮನೆಯೊಳಗೆ ಬೆಳದಿಂಗಳು ಬೀಳುತ್ತದೆ. ಅಲ್ಲಿಗೆ ಮುಗಿಯುತ್ತದೆ. ಊರಿನ ಹಿರಿಯರು ಹೇಳಿದ್ದನ್ನು ಕೇಳಿ ನಾವೇ ಕಟ್ಟಿದ ನಾಟಕ.

ಓದಿ_ಸುಸ್ತಾದವ:
ಇದನ್ನೇ ಬರೆಯಿರಿ ಮಾರಾಯರೇ! ಒಂದಕ್ಷರ ಬದಲಾಯಿಸಬೇಡಿ. "ನೋವನ್ನು ಬಿಂಬಿಸುವ" ಅಂತೆ.

ಮೂರನೇ_ಬೆಲ್:
ಸರಿ, ಇದಕ್ಕೆ ನಾನೂ ಟಿಕೆಟ್ ತಗೋತೀನಿ. ಆದರೆ ಒಂದು ಅನುಮಾನ. ನಿಜವಾದ ಮಂಗಳೂರು ಹೆಂಚಾ? ಒಂದೊಂದು ಎರಡೂವರೆ ಕೆಜಿ ಅಂದರೂ 120ಕ್ಕೆ 300 ಕೆಜಿ ಆಯ್ತು. ರೈಲಲ್ಲಿ ಹೇಗೆ ಒಯ್ಯುತ್ತೀರಿ?

ಹಿತ್ತಲ_ರಂಗ:
ಅದಕ್ಕೇ ಪಾರ್ಸೆಲ್‌ಗೆ 9 ಸಾವಿರ ಇಟ್ಟಿದ್ದೇನೆ. "ಇತರೆ" ಬಿಡಿಸಿ ಬರೆದೆ, ಲೆಕ್ಕದ ಮೇಡಂ ನೋಡಿ: ಚಹಾ ತಿಂಡಿ 45 ದಿನ, 14 ಜನ, ತಲಾ 40 ಅಂದರೆ 25,200. ಹಾಲ್ 45 ದಿನಕ್ಕೆ 18,000. ಟೆಂಪೋ ಹೋಗಿ ಬರಲು 12,000. ಪಾರ್ಸೆಲ್ 9,000. ವಿಡಿಯೋ 15,000. ಪೋಸ್ಟರ್ 6,000. ಆಡಿಟರ್ 5,000. ಒಟ್ಟು 90,200. ಒಂದು ಲಕ್ಷ ಅಂತ ಬರೆದದ್ದು ಸುಮ್ನೆ ಬಾಯಿಗೆ ಬಂದ ಸಂಖ್ಯೆ, ಈಗ ನಾಚಿಕೆಯಾಗುತ್ತಿದೆ.

ಲೆಕ್ಕದವಳು:
ಚೆನ್ನಾಗಿದೆ. ಆದರೆ ಒಂದು ಸಾಲು ಇಲ್ಲ. ಹದಿನಾಲ್ಕು ಜನ ಒಂದೂವರೆ ತಿಂಗಳು ಹೆಂಚು ಹೊರುತ್ತಾರೆ, ಅವರ ಗೌರವಧನ ಎಲ್ಲಿ? ಬಣ್ಣ ಹಚ್ಚುವವಳಿಗೆ, ಲೈಟ್ ಬಿಡುವವನಿಗೆ? "ನಾವು ಹವ್ಯಾಸಿಗಳು, ದುಡ್ಡು ಬೇಡ" ಅಂತ ದೊಡ್ಡತನ ತೋರಿಸಬೇಡಿ. ತಲಾ 3,000 ಆದರೂ ಬರೆಯಿರಿ, 42,000. ಆಗ ಒಟ್ಟು 3,52,200.

ಉತ್ಸವದವರು ಕೊಡುವ ಒಂದು ಲಕ್ಷವನ್ನು ಆದಾಯದ ಕಡೆ ತೋರಿಸಲೇಬೇಕು. ಮುಚ್ಚಿಟ್ಟರೆ ಆಮೇಲೆ ಆಡಿಟ್‌ನಲ್ಲಿ ಗೊತ್ತಾಗುತ್ತದೆ. ಉಳಿಯುವುದು 2,52,200. ಒಟ್ಟು ಖರ್ಚಿನ ಮುಕ್ಕಾಲು ಭಾಗ 2,64,150 ಆಗುತ್ತದೆ, ಅದರೊಳಗೇ ಇದೆ. ಹಾಗಾಗಿ ಇಂಥ ಒಂದು ತಿರುಗಾಟಕ್ಕೆ 2,52,200 ಕೇಳಬಹುದು.

ಈಗ ಇದು ಕೇಳಿ. ನಾನು ನೋಡಿದ ಮಂಜೂರಾತಿಗಳಲ್ಲಿ ಮೊದಲ ಕಂತು ಮುಕ್ಕಾಲು ಭಾಗ. ಅಂದರೆ 1,89,150 ಕೈಗೆ. ಉಳಿದ 63,050 ಶೋ ಮುಗಿದು, ಹಣ ಬಳಕೆ ಪ್ರಮಾಣಪತ್ರ, ಅದೇ ಯುಸಿ, ಜಿಎಫ್‌ಆರ್ (ಕೇಂದ್ರದ ಹಣಕಾಸು ನಿಯಮಗಳು) 12-ಎ ನಮೂನೆಯಲ್ಲಿ ಸಿಎ ಸಹಿ ಮಾಡಿಸಿ ಕಳಿಸಿದ ಮೇಲೆ. ಆ 63 ಸಾವಿರವನ್ನು ಯಾರು ಕೈಯಿಂದ ಹಾಕುತ್ತಾರೆ ಅಂತ ಮೊದಲೇ ತಂಡದಲ್ಲಿ ಮಾತಾಡಿಕೊಳ್ಳಿ. ಒಂದು ತಂಡದಲ್ಲಿ ನಿರ್ದೇಶಕರ ಹೆಂಡತಿಯ ಬಳೆ ಬ್ಯಾಂಕಿಗೆ ಹೋಗಿ ಹದಿನಾಲ್ಕು ತಿಂಗಳು ಅಲ್ಲೇ ಇತ್ತು. ಹೆಸರು ಬೇಡ.

ಮಾಟುಂಗಾ_ಲೋಕಲ್:
ಮುಂಬೈಯಿಂದ ನಮಸ್ಕಾರ. ನಾವೂ ಇಲ್ಲಿ ಕನ್ನಡ ನಾಟಕ ಮಾಡುವವರು, ಆಫೀಸ್ ಮುಗಿಸಿ ಲೋಕಲ್ ಹತ್ತಿ ತಾಲೀಮಿಗೆ ಬರುವ ಜನ. ರೈಲಿನ ವಿಷಯಕ್ಕೆ ಬಂದೆ. ಮೊದಲೆಲ್ಲ ಶೋಗೆ ಹೋಗುವ ಕಲಾವಿದರಿಗೆ ಟಿಕೆಟ್‌ನಲ್ಲಿ ಒಳ್ಳೇ ರಿಯಾಯಿತಿ ಇತ್ತು, 2020ರ ಮಾರ್ಚ್‌ನಲ್ಲಿ ಬಹುಪಾಲು ರಿಯಾಯಿತಿಗಳ ಜೊತೆ ಅದೂ ನಿಂತಿತು. ಹಳೇ ಅರ್ಜಿ ನೋಡಿ ಅರ್ಧ ದರ ಬರೆಯಬೇಡಿ.

ಸ್ಲೀಪರ್‌ನಲ್ಲಿ ಒಬ್ಬರಿಗೆ 40 ಕೆಜಿ ಸಾಮಾನು ಉಚಿತ. 14 ಜನಕ್ಕೆ 560 ಕೆಜಿ! ಆದರೆ ಪೆಟ್ಟಿಗೆ ಉದ್ದ 100 ಸೆಂಟಿಮೀಟರ್, ಅಗಲ 60, ಎತ್ತರ 25 ದಾಟಬಾರದು. ದಾಟಿದರೆ ಬ್ರೇಕ್ ವ್ಯಾನ್, ಅಂದರೆ ಪಾರ್ಸೆಲ್ ಹಾಕುವ ಬೋಗಿ. ನಮ್ಮ ಒಂದು ಪಾರ್ಸೆಲ್ ಒಮ್ಮೆ ನಾವು ಇಳಿದ ಮೇಲೂ ಮುಂದೆ ಹೋಗಿಬಿಟ್ಟಿತ್ತು. ರಾಜನ ಸಿಂಹಾಸನ ಎರಡು ದಿನ ತಡವಾಗಿ ಬಂತು. ರಾಜ ಪ್ಲಾಸ್ಟಿಕ್ ಕುರ್ಚಿಯಲ್ಲಿ ಆಳಿದ. ಅಂದಿನಿಂದ ನಮ್ಮ ಲೆವೆಲ್‌ಗಳೆಲ್ಲ (ರಂಗದ ಮೇಲೆ ಎತ್ತರಕ್ಕೆ ಇಡುವ ಕಟ್ಟೆಗಳು) ಮಡಚುವಂಥವು, ಮಡಚಿದರೆ ಮೂರಡಿ.

ಹಿತ್ತಲ_ರಂಗ:
ಹೆಂಚನ್ನು ಕಾಗದದ ರದ್ದಿಯಲ್ಲಿ ಮಾಡಿ ಬಣ್ಣ ಬಳಿದರೆ ತೂಕ ಇಳಿಯುತ್ತದೆ. ಆದರೆ ಸದ್ದು? ಹೆಂಚಿನ ಮೇಲೆ ಹೆಂಚು ಇಟ್ಟಾಗಿನ ಆ ಸದ್ದೇ ನಮ್ಮ ಸಂಗೀತ.

ಸೈಕ್_ಹಿಂದೆ:
ಹನ್ನೆರಡು ನಿಜವಾದ ಹೆಂಚು ಒಯ್ಯಿರಿ, 30 ಕೆಜಿ. ಸಾಲಿನ ಕೊನೆಯವನು ಜೋಡಿಸುವ ಜಾಗ ವಿಂಗ್‌ನೊಳಗೆ, ಅಂದರೆ ರಂಗದ ಪಕ್ಕದ ಮರೆಯಲ್ಲಿ ಇರಲಿ. ಅಲ್ಲಿ ಒಬ್ಬ ಕೂತು ಆ ಹನ್ನೆರಡನ್ನೇ ತೆಗೆದು ಇಟ್ಟು ಸದ್ದು ಮಾಡಲಿ. ಪ್ರೇಕ್ಷಕರಿಗೆ ಕಾಣುವ 120 ರದ್ದಿಯವು.

ಹಿತ್ತಲ_ರಂಗ:
ಸಾರ್, ನಿಮ್ಮ ಕಾಲಿಗೆ ಬೀಳಬೇಕು.

(ನಾಲ್ಕು ದಿನ ಬಿಟ್ಟು)

ಹಿತ್ತಲ_ರಂಗ:
ನಿನ್ನೆ ತಂಡ ಕೂತು ಮಾತಾಡಿತು. ರಾತ್ರಿ ಹನ್ನೊಂದೂವರೆ ಆಯ್ತು. ಜಗಳವೂ ಆಯ್ತು, ಮುಖ್ಯವಾಗಿ ಸ್ಲೀಪರ್ ವಿಷಯಕ್ಕೆ. ಫೆಬ್ರವರಿ ಚಳಿಯಲ್ಲಿ ಸ್ಲೀಪರಾ ಅಂತ. ಕೊನೆಗೆ ಎಲ್ಲರೂ ಕಂಬಳಿ ಹೊತ್ತುಕೊಳ್ಳುವುದು ಅಂತಾಯ್ತು.

ಈ ಶೋಗೆ ಹೀಗೆ ಮಾಡಿದ್ದೇವೆ. ರದ್ದಿ ಹೆಂಚು, ಮಡಚುವ ಲೆವೆಲ್ ಸೇರಿ ಸೆಟ್ 22,000. ವಸ್ತ್ರ ಹಳೆಯದೇ, ರಿಪೇರಿಗೆ 8,000. ಲೈಟ್ ಉತ್ಸವದವರದ್ದೇ ಇದೆಯಂತೆ, ನಮ್ಮ ಬೆಳಕಿನವನಿಗೆ 5,000. ಸ್ಲೀಪರ್ 30,000. ತಾಲೀಮಿಗೆ ಶಾಲೆಯ ಹಾಲ್ ಬಿಟ್ಟಿ ಸಿಕ್ಕಿತು, ಪಾರ್ಸೆಲ್ ಬೇಡವಾಯ್ತು, ಹಾಗಾಗಿ ಆ 90,200 ಇಳಿದು 63,200. ಒಟ್ಟು 1,28,200. ಒಂದು ಲಕ್ಷ ಅವರದ್ದು, 28,200 ನಮ್ಮ ತಲೆಗೆ. ಜನವರಿಯಲ್ಲಿ ಊರಲ್ಲಿ ಎರಡು ಸಹಾಯಾರ್ಥ ಶೋ, ಟಿಕೆಟ್ 100.

ಲೆಕ್ಕದವಳು:
ಗೌರವಧನ ಮತ್ತೆ ಮಾಯ!

ಹಿತ್ತಲ_ರಂಗ:
ಬೈತೀರಿ ಅಂತ ಗೊತ್ತಿತ್ತು ಮೇಡಂ. 28,200 ದಾಟಿ ಬಂದದ್ದನ್ನು ಹದಿನಾಲ್ಕು ಪಾಲು ಮಾಡುವುದು ಅಂತ ಠರಾವಿನಲ್ಲೇ ಬರೆದಿದ್ದೇವೆ. ದೊಡ್ಡ ಅರ್ಜಿಯಲ್ಲಿ 42,000 ಹಾಗೇ ಇದೆ. ಅದು ಮುಂದಿನ ವರ್ಷದ ತಿರುಗಾಟಕ್ಕೆ. ಬಾಕಿ ಇದ್ದ ಎರಡು ವರ್ಷದ ಲೆಕ್ಕ ಸಲ್ಲಿಸಲು ಕಾರ್ಯದರ್ಶಿ ಸೋಮವಾರ ಹೋಗುತ್ತಿದ್ದಾರೆ, ದಂಡ ಎಷ್ಟೋ ಏನೋ. ಬಜೆಟ್‌ನಲ್ಲಿ ಒಂದು ಸಾಲು ಸೇರಿಸಿದೆ: "ಹೆಂಚು, ನಿಜವಾದವು, 12. ಸದ್ದಿಗೆ."

ಓದಿ_ಸುಸ್ತಾದವ:
❤️

ಲೆಕ್ಕದವಳು:
ಸಹಾಯಾರ್ಥ ಶೋ ದಿನದಿಂದಲೇ ವೋಚರ್ ಬರೆಸಲು ಶುರು ಮಾಡಿ, ಅಭ್ಯಾಸ ಆಗಲಿ. 5,000 ದಾಟಿದ ನಗದು ರಸೀದಿಗೆ ಒಂದು ರೂಪಾಯಿ ರೆವಿನ್ಯೂ ಸ್ಟಾಂಪ್ ಹಚ್ಚಿ, ಸಹಿ ಸ್ಟಾಂಪ್ ಮೇಲೆ ಹಾದುಹೋಗಬೇಕು. ಟೆಂಪೋದವನು ಸಹಿ ಹಾಕದೆ ಓಡಿಹೋಗುತ್ತಾನೆ, ಹಣ ಕೊಡುವ ಮೊದಲೇ ಹಾಕಿಸಿಕೊಳ್ಳಿ.

ಹಿತ್ತಲ_ರಂಗ:
ನಮ್ಮೂರ ಪೋಸ್ಟಾಫೀಸಿನಲ್ಲಿ ರೆವಿನ್ಯೂ ಸ್ಟಾಂಪ್ ಖಾಲಿಯಂತೆ, ಯಾವಾಗ ಬರುತ್ತದೋ ಗೊತ್ತಿಲ್ಲವಂತೆ. ಶಿವಮೊಗ್ಗ ಕಡೆಯವರು ಯಾರಾದರೂ ಇದ್ದರೆ ಒಂದು ಹಾಳೆ ತೆಗೆದಿಡಿ, ಶನಿವಾರ ರದ್ದಿ ಪೇಪರ್ ತರಲು ಬರುತ್ತೇನೆ.

ಮೂರನೇ_ಬೆಲ್:
ನಾನು ಶಿವಮೊಗ್ಗದವನೇ. ತೆಗೆದಿಡುತ್ತೇನೆ. ಮನೆಯಲ್ಲಿ ಎರಡು ವರ್ಷದ ಪೇಪರ್ ಇದೆ, ಅದನ್ನೂ ಒಯ್ಯಿರಿ.